ಬರೀ ಪಾಯಿಂಟ್ ಮೂರು

ರಾತ್ರಿ ಹನ್ನೊಂದರ ಹೊತ್ತಿಗೆ ಆ ಹುಡುಗನನ್ನು ಕರೆತಂದರು. ನಾನು ಇಂಟರ್ನ್ ಆಗಿ ಕ್ಯಾಶುವಾಲ್ಟಿಗೆ ಬಂದು ಮೂರನೇ ವಾರ. ಹುಡುಗ ಮಲಗಿದ್ದರೂ ದೂರದಿಂದ ಓಡಿ ಬಂದವನ ಹಾಗೆ ಉಸಿರಾಡುತ್ತಿದ್ದ. ಆಳವಾದ ಉಸಿರು, ಬಿಡುವೇ ಇಲ್ಲ, ನಿಮಿಷಕ್ಕೆ 36.

"ಡಾಕ್ಟ್ರೇ, ಇವನಿಗೆ ಉಬ್ಬಸ ಇರ್ಲೇ ಇಲ್ಲ. ಯಾಕೆ ಹೀಗಾಡ್ತಿದ್ದಾನೆ?" ಅವನ ತಾಯಿ ನನ್ನ ಕೈ ಬಿಡಲಿಲ್ಲ.

ಸ್ಟೆತ್ ಇಟ್ಟು ಕೇಳಿದೆ. ಎದೆಯಲ್ಲಿ ಕಫದ ಸದ್ದಿಲ್ಲ, ಸಿಳ್ಳೆ ಸದ್ದೂ ಇಲ್ಲ. ಆಮ್ಲಜನಕ 98. ಇನ್ನೂ ಹತ್ತಿರ ಬಗ್ಗಿದಾಗ ಅವನ ಉಸಿರಿನಲ್ಲಿ ನೇಲ್ ಪಾಲಿಶ್ ಅಳಿಸುವ ದ್ರವದ ವಾಸನೆ ಬಂತು. ಅಸಿಟೋನ್.

ಆ ವಾಸನೆ ನನಗೆ ಹಳೇ ಪರಿಚಯ. ಹನ್ನೆರಡನೇ ತರಗತಿಯ ಕೆಮಿಸ್ಟ್ರಿ ಲ್ಯಾಬ್‌ನದು. ಆ ವರ್ಷ ಕೆಮಿಸ್ಟ್ರಿಯಲ್ಲಿ ನನಗೆ ನೂರಕ್ಕೆ 28 ಬಂದಿತ್ತು. ಆಸಿಡ್, ಬೇಸ್, ಆಸಿಡ್ ಎಷ್ಟಿದೆ ಅಂತ ಹೇಳುವ ಪಿಎಚ್, ಈ ಪಾಠ ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಪಿಎಚ್ 7.4ರಿಂದ 7.1ಕ್ಕೆ ಇಳಿದರೆ ಏನಾಗುತ್ತದೆ ಅಂತ ಒಂದು ಪ್ರಶ್ನೆ. ಬರೀ ಪಾಯಿಂಟ್ ಮೂರು ಅಲ್ವಾ ಅಂದುಕೊಂಡು, ಹೆಚ್ಚು ವ್ಯತ್ಯಾಸ ಆಗುವುದಿಲ್ಲ ಅಂತ ಬರೆದಿದ್ದೆ. "ಡಾಕ್ಟರ್ ಆಗೋದು ನಿನ್ನಿಂದ ಆಗಲ್ಲ, ಬೇರೆ ಏನಾದ್ರೂ ನೋಡು" ಅಂದರು ಮೇಷ್ಟ್ರು. ಆ ಮಾತು ಈಗಲೂ ಚುಚ್ಚುತ್ತದೆ. ಎಲ್ಲಿ ಎಡವುತ್ತಿದ್ದೀಯ ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತು.

ಅದನ್ನು ಕೇಳಿದ್ದು ನನ್ನ ಅಕ್ಕ. ಆ ವರ್ಷ ಸೀಟು ಸಿಗದೆ ಮನೆಯಲ್ಲಿದ್ದೆ. ಅವಳು ಪಕ್ಕ ಕೂತು ನನ್ನ ಲೆಕ್ಕಗಳನ್ನು ಸಾಲುಸಾಲಾಗಿ ನೋಡಿದಳು. ನನ್ನ ತೊಡಕು ಕೆಮಿಸ್ಟ್ರಿಯಲ್ಲಿ ಇರಲೇ ಇಲ್ಲ! ಗಣಿತದ ಲಾಗ್ ಅರ್ಥವಾಗಿರಲಿಲ್ಲ, ಅಷ್ಟೇ. "ಲಾಗ್ ಅಂದ್ರೆ ಹತ್ತರ ಮೇಲೆ ಯಾವ ಘಾತ ಹಾಕಬೇಕು ಅನ್ನೋದು. ಎರಡರ ಲಾಗ್ ಎಷ್ಟು ನೋಡು" ಅಂದಳು. ಸುಮಾರು 0.3. ಪಿಎಚ್ ಆಸಿಡನ್ನು ಅಳೆಯುವುದು ಈ ಲಾಗ್‌ನಲ್ಲೇ, ಆಸಿಡ್ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಅಂದರೆ ಪಿಎಚ್ ಪಾಯಿಂಟ್ ಮೂರು ಇಳಿದರೆ ಆಸಿಡ್ ಎರಡು ಪಟ್ಟು! ಲೀಟರಿಗೆ 40 ನ್ಯಾನೊಮೋಲ್ ಇದ್ದದ್ದು 80 ಆಗುತ್ತದೆ. ಅವತ್ತು ಆ ಪಾಠವನ್ನು ಮೊದಲಿಂದ ಓದಿದೆ. ರಾತ್ರಿ ಎರಡಾದರೂ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ.

ಹುಡುಗನ ಎಬಿಜಿ, ಅಂದರೆ ರಕ್ತದಲ್ಲಿನ ಆಸಿಡ್ ಮತ್ತು ಅನಿಲಗಳನ್ನು ಅಳೆಯುವ ಪರೀಕ್ಷೆಯ ರಿಪೋರ್ಟ್ ಬಂತು. ಪಿಎಚ್ 7.1. ಸುಮಾರು 24 ಇರಬೇಕಾದ ಬೈಕಾರ್ಬನೇಟ್ 5. ಸುಮಾರು 40 ಇರಬೇಕಾದ ಕಾರ್ಬನ್ ಡೈಆಕ್ಸೈಡ್ 16. ಸಕ್ಕರೆ 480.

"ಯಾಕೆ ಹೀಗೆ ಉಸಿರಾಡ್ತಿದ್ದಾನೆ, ಹೇಳು" ಅಂದರು ಸೀನಿಯರ್ ಮೇಡಂ.

ನನ್ನ ಗಂಟಲು ಒಣಗಿತ್ತು. ಆದರೂ ಹೇಳಿದೆ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಸುಡುತ್ತಿದೆ. ಅದರಿಂದ ಕೀಟೋನ್ ಆಸಿಡ್‌ಗಳು ಹೆಚ್ಚಾಗಿವೆ. ಅವನ್ನು ತಡೆಯುವುದರಲ್ಲೇ ಬೈಕಾರ್ಬನೇಟ್ ಮುಗಿಯುತ್ತಿದೆ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋದಷ್ಟೂ ಆಸಿಡ್ ತಗ್ಗುತ್ತದೆ, ಹಾಗಾಗಿ ಶ್ವಾಸಕೋಶ ಅದನ್ನು ಒಂದೇ ಸಮ ಊದಿ ಹಾಕುತ್ತಿದೆ. 1874ರಲ್ಲಿ ಜರ್ಮನ್ ವೈದ್ಯ ಅಡಾಲ್ಫ್ ಕುಸ್‌ಮೌಲ್ ಬರೆದಿಟ್ಟ ಉಸಿರು ಇದೇ. "ಸರಿ. ಸಲೈನ್ ಶುರು ಮಾಡು. ಪೊಟ್ಯಾಸಿಯಂ ಎಷ್ಟಿದೆ ನೋಡದೆ ಇನ್ಸುಲಿನ್ ಹಾಕಬೇಡ" ಅಂದರು ಮೇಡಂ. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದ ಒಳಗೆ ಎಳೆಯುತ್ತದೆ. ಮೊದಲೇ ಕಡಿಮೆ ಇದ್ದರೆ ಹೃದಯದ ಬಡಿತ ದಾರಿ ತಪ್ಪಬಹುದು.

ತಾಯಿಯ ಹತ್ತಿರ ಹೋಗಿ ಕೂತೆ. "ಇದು ಉಬ್ಬಸ ಅಲ್ಲಮ್ಮ. ಸಕ್ಕರೆ ಕಾಯಿಲೆಯಿಂದ ರಕ್ತದಲ್ಲಿ ಹುಳಿ ಎರಡರಷ್ಟಾಗಿದೆ. ಅದನ್ನ ಇಳಿಸೋಕೆ ಅವನು ಅಷ್ಟು ಜೋರಾಗಿ ಉಸಿರು ಬಿಡ್ತಿದ್ದಾನೆ."

ರಾತ್ರಿಯೆಲ್ಲ ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಬೆಳಕು ಹರಿಯುವಾಗ ಪಿಎಚ್ 7.26, ಉಸಿರು 22. ಹುಡುಗ ಕಣ್ಣು ಬಿಟ್ಟು ನೀರು ಕೇಳಿದ.

"ಹುಳಿ ಇಳೀತಾ ಡಾಕ್ಟ್ರೇ?" ಅಂದರು ತಾಯಿ.

"ಇಳೀತಾ ಇದೆ ಅಮ್ಮ" ಅಂದೆ.