ಮೇ ತಿಂಗಳಲ್ಲಿ ಊದ್ ಮಾರಲು ಹೋದದ್ದು

ನಮ್ಮ ಪರ್ಫ್ಯೂಮ್ ಕೌಂಟರಿಗೆ ಬೇಸಿಗೆ ಟಾರ್ಗೆಟ್ ಹಾಕುವವರು ಮೇ ತಿಂಗಳಲ್ಲಿ ಮೈಸೂರಿಗೆ ಕಾಲಿಟ್ಟಿರಲಾರರು. ದೀಪಾವಳಿ ಗಿಫ್ಟಿಂಗ್‌ಗೆ ಅಂತ ಕಳಿಸಿದ ಊದ್ (ಅಗರು ಮರದ ಗಾಢ ಸುಗಂಧ), ಆಂಬರ್, ವೆನಿಲಾ ಬಾಟಲಿಗಳು ಪ್ರತಿ ವರ್ಷ ಉಳಿಯುತ್ತವೆ. ಏಪ್ರಿಲ್ ಕೊನೆಗೆ ಏಜಿಂಗ್ ಶೀಟ್ ಬರುತ್ತದೆ, ಯಾವ ಮಾಲು ಎಷ್ಟು ದಿನದಿಂದ ಉಳಿದಿದೆ ಅನ್ನೋ ಪಟ್ಟಿ, ಅರ್ಧಕ್ಕರ್ಧ ಕೆಂಪು. ಅದರ ಬೆನ್ನಿಗೇ ಏರಿಯಾ ಮ್ಯಾನೇಜರ್ ವಾಯ್ಸ್ ನೋಟ್: "100 ಎಂಎಲ್ ಪುಶ್ ಮಾಡ್ರಪ್ಪಾ, ಎಬಿವಿ ಬಿದ್ದೋಗಿದೆ." ಎಬಿವಿ ಅಂದರೆ ಒಂದು ಬಿಲ್ಲಿನ ಸರಾಸರಿ ಮೊತ್ತ.

ಹೋದ ಬೇಸಿಗೆಯಲ್ಲಿ ಇದಕ್ಕೊಂದು ಹೊಸ ದಾರಿ ಹುಡುಕಿದರು. ಜಿಮ್ ಆಕ್ಟಿವೇಶನ್. ಬಿಸಿಲಿಗೆ ಮಾಲ್‌ನಲ್ಲಿ ವಾಕ್-ಇನ್ ಕಮ್ಮಿ, ಜನ ಇರುವ ಕಡೆ ನಾವೇ ಹೋಗೋಣ ಅಂತ. ಕುವೆಂಪುನಗರದ ಕಡೆ ಒಂದು ಜಿಮ್, ಎರಡನೇ ಮಹಡಿ, ಸಂಜೆ ಆರೂವರೆಯ ಜುಂಬಾ ಬ್ಯಾಚ್. ಸ್ಟ್ಯಾಂಡಿ, ಟೆಸ್ಟರ್ ಟ್ರೇ, ಬ್ಲಾಟರ್ (ಸೆಂಟ್ ಮೂಸಿ ನೋಡುವ ಕಾಗದದ ಪಟ್ಟಿ) ಕಟ್ಟು, ವೌಚರ್ ಪುಸ್ತಕ ಎಲ್ಲ ಆಟೋದಲ್ಲಿ ಹೇರಿಕೊಂಡು ನಾನೊಬ್ಬಳೇ ಹೋಗಬೇಕು. ಕಂಪನಿ ಕಳಿಸಿದ ಡೆಕ್‌ನಲ್ಲಿ, ಅಂದರೆ ಸೂಚನೆಯ ಸ್ಲೈಡುಗಳಲ್ಲಿ, ಸಿಟ್ರಸ್ ಲೈನ್ ತೋರಿಸಿ ಅಂತ ಬರೆದಿತ್ತು. ಆ ಟೆಸ್ಟರ್ ನಮ್ಮ ಸ್ಟೋರಿಗೆ ಬಂದೇ ಇರಲಿಲ್ಲ. ಕಳಿಸಿ ಅಂತ ಇಂಡೆಂಟ್ ಹಾಕಿ ಹಾಕಿ ಸಾಕಾಗಿತ್ತು. ಫೋನ್ ಮಾಡಿ ಕೇಳಿದರೆ, "ಇರೋದನ್ನೇ ತಗೊಂಡ್ ಹೋಗಮ್ಮಾ, ಅದೂ ಮೂವ್ ಆಗ್ಬೇಕಲ್ಲ" ಎಂದರು. ಇದ್ದದ್ದು ಊದ್ ಇಡಿಪಿ, ಅಂದರೆ ಓ ದ ಪರ್ಫಮ್, ಗಾಢವಾದ ಸೆಂಟ್.

ನಿಜ ಹೇಳಬೇಕೆಂದರೆ ನಾನೂ ಹೆಚ್ಚು ವಾದ ಮಾಡಲಿಲ್ಲ. ಅಂಗಡಿಯಲ್ಲಿ ಆ ಊದ್ ಚೆನ್ನಾಗಿಯೇ ಇರುತ್ತದೆ. ನಮ್ಮ ಫ್ಲೋರಿನಲ್ಲಿ ಎಸಿ ಯಾವಾಗಲೂ ಓಡುತ್ತಿರುತ್ತದೆ, ಸೀಲಿಂಗ್ ಎತ್ತರ, ಕಾಗದದ ಪಟ್ಟಿಯ ಮೇಲೆ ಒಂದೇ ಒಂದು ಸ್ಪ್ರೇ. ಮೂಗಿಗೆ ಹಿಡಿದು "ವಾಹ್, ರಾಯಲ್ ಆಗಿದೆ" ಅನ್ನುತ್ತಾರೆ, ಬಿಲ್ ಮಾಡುತ್ತೇವೆ. ಆಮೇಲೆ ಆ ಗಿರಾಕಿ 36 ಡಿಗ್ರಿ ಬಿಸಿಲಲ್ಲಿ ಸ್ಕೂಟರ್ ಹತ್ತುತ್ತಾನೆ. ಅಲ್ಲಿಂದ ಮುಂದಿನದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನನಗಂತೂ ಅದುವರೆಗೆ ಬಿದ್ದಿರಲಿಲ್ಲ.

ಜಿಮ್‌ನಲ್ಲಿ ಟ್ರೇ ಇಟ್ಟು ಬ್ಲಾಟರ್ ಕೊಡಲು ಶುರು ಮಾಡಿದೆ. ಗ್ರೂಪಿಗೆ ಫೋಟೋ ಹಾಕಿದ ತಕ್ಷಣ ಫ್ಲೋರ್ ಮ್ಯಾನೇಜರ್ ಮೆಸೇಜು: "ಬ್ಲಾಟರ್ ಫೋಟೋದಲ್ಲಿ ಕಾಣಲ್ಲ. ಸ್ಕಿನ್ ಮೇಲೆ ಹಾಕಿ, ಎಂಗೇಜ್‌ಮೆಂಟ್ ಬೇಕು." ಸರಿ, ಎಲ್ಲರ ಮಣಿಕಟ್ಟಿಗೊಂದು, ಕುತ್ತಿಗೆಗೊಂದು. ಇಪ್ಪತ್ತು ಇಪ್ಪತ್ತೈದು ಜನ ಇದ್ದಿರಬೇಕು. ಕೆಲವರು ಟಿ-ಶರ್ಟ್ ಮೇಲೂ ಹಾಕಿಸಿಕೊಂಡರು. ಒಬ್ಬರು ಟವಲಿಗೂ! ಫ್ರೀ ಅಂದರೆ ಗೊತ್ತಲ್ಲ. ಎಲ್ಲರೂ ಖುಷಿಯಾಗಿದ್ದರು. ನಾನೂ ಫೋಟೋ ತೆಗೆದು ತೆಗೆದು ಕಳಿಸಿದೆ.

ವಾರ್ಮಪ್ ಮುಗಿದು ಎರಡನೇ ಹಾಡು ಶುರುವಾಗುವ ಹೊತ್ತಿಗೆ ಕರೆಂಟ್ ಹೋಯಿತು. ಜನರೇಟರ್ ಬಂತು. ಲೈಟು ಬಂತು, ಸ್ಪೀಕರ್ ಬಂತು. ಎಸಿ ಬರಲಿಲ್ಲ. ಆ ಬಿಲ್ಡಿಂಗಿನ ಜನರೇಟರ್ ಎಸಿ ಲೋಡ್ ಎತ್ತುವುದಿಲ್ಲವಂತೆ. ಟ್ರೈನರ್ ಹುಡುಗ ನಿಲ್ಲಿಸಲಿಲ್ಲ. "ಬೆವರು ಬಂದ್ರೆ ಒಳ್ಳೇದೇ ಅಕ್ಕಂದಿರಾ, ಕಮ್ ಆನ್!" ಎಂದು ಕೂಗಿ ಹಾಡಿನ ಸೌಂಡ್ ಏರಿಸಿದ. ಕಿಟಕಿಗಳೆಲ್ಲ ಮುಚ್ಚಿದ್ದವು. ಅವುಗಳ ಮೇಲೆ ತೋಳು ಉಬ್ಬಿಸಿದ ಯಾವನೋ ಒಬ್ಬನ ದೊಡ್ಡ ಸ್ಟಿಕರ್.

ಈ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ? ಮೂಲೆಯಲ್ಲಿ ಕೂತು ಲೀಡ್ ಶೀಟ್ ತುಂಬುತ್ತಿದ್ದೆ. ಹೆಸರು, ಮೊಬೈಲ್, ಹುಟ್ಟಿದ ದಿನ. ಮುಂದಿನ ಸಾಲಿನ ಇಬ್ಬರು ಮಣಿಕಟ್ಟನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದರು. ಬೆವರು ಒರೆಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಒಬ್ಬರು ವಾಟರ್ ಕೂಲರ್ ಹತ್ತಿರ ಹೋಗಿ ಕುತ್ತಿಗೆ ತೊಳೆದುಕೊಂಡು ಬಂದರು. ಸೆಖೆ ಅಲ್ವಾ ಅಂದುಕೊಂಡೆ. ನನ್ನ ಮೂಗಿಗೆ ಮಾತ್ರ ಏನೂ ಇಲ್ಲ. ಬೆಳಗ್ಗೆ ಹತ್ತರಿಂದ ಟೆಸ್ಟರ್‌ಗಳ ಮಧ್ಯೆ ನಿಂತ ಮೂಗು ಸಂಜೆ ಏನು ಹೇಳೀತು? ಕೌಂಟರಿನಲ್ಲಿ ಕಾಫಿ ಬೀಜದ ಡಬ್ಬಿ ಇಟ್ಟಿರುತ್ತೇವೆ, ಮೂಸಿದರೆ ಮೂಗು ಮತ್ತೆ ಹೊಸದಾಗುತ್ತದೆ ಅಂತ. ಅದು ಬರೀ ಶೋಕಿ. ಹೊರಗೆ ಹೋಗಿ ಸಾದಾ ಗಾಳಿ ಕುಡಿದರೂ ಅಷ್ಟೇ ಲಾಭ.

ಹಿಂದಿನ ಸಾಲಿನಿಂದ ಕೆಮ್ಮು ಕೇಳಿಸಿತು. ಹಾಡಿನ ಸದ್ದಿನಲ್ಲಿ ಮೊದಲು ಯಾರೂ ಗಮನ ಕೊಡಲಿಲ್ಲ. ನಲವತ್ತೈದರ ಆಸುಪಾಸಿನ ಒಬ್ಬರು ಕುಣಿಯುವುದು ನಿಲ್ಲಿಸಿ ಮಂಡಿಯ ಮೇಲೆ ಕೈ ಊರಿ ಬಗ್ಗಿದ್ದರು. ಉಸಿರು ಬಿಡುವಾಗ ಸುಂಯ್ ಅಂತ ಸದ್ದು. ಹತ್ತಿರ ಹೋದೆ. "ಅಸ್ತಮಾ ಇದೆಯಾ ಅಕ್ಕ?" ಎಂದೆ. ತಲೆಯಾಡಿಸಿದರು. "ಇನ್ಹೇಲರ್?" ಕೈ ಬಾಗಿಲ ಕಡೆ ತೋರಿಸಿತು. ಲಾಕರ್ ಅಂದುಕೊಂಡು ಓಡಿದೆವು. ಅವರ ಬ್ಯಾಗ್ ಸುರಿದು ನೋಡಿದರೆ ಬಾಚಣಿಗೆ, ಬದಲಿ ಬಟ್ಟೆ, ಸ್ಕೂಟರ್ ಕೀ. ಇನ್ಹೇಲರ್ ಇಲ್ಲ. ವಾಪಸ್ ಬಂದು ಕೇಳಿದರೆ ಎರಡೇ ಅಕ್ಷರ ಹೊರಟವು: "ಡಿಕ್ಕಿ."

ಟ್ರೈನರ್ ಕೀ ಕಿತ್ತುಕೊಂಡು ಮೆಟ್ಟಿಲು ಇಳಿದ. ಕೆಳಗೆ ಸಾಲಾಗಿ ಸ್ಕೂಟರ್‌ಗಳು, ಅರ್ಧ ಒಂದೇ ಬಣ್ಣದವು. ನಂಬರ್ ಏನು ಅಂತ ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ನಾನು ಕಿಟಕಿ ತೆಗೆಯಲು ಹೋದೆ. ಸ್ಟಿಕರ್ ಎರಡೂ ಗಾಜಿಗೆ ಸೇರಿಸಿ ಅಂಟಿಸಿದ್ದರಿಂದ ಅದು ಜರುಗಲೇ ಇಲ್ಲ. ಇನ್ನು ಹಾಲ್‌ನಲ್ಲಿ ಇರಿಸುವುದು ಬೇಡ ಎಂದು ಇಬ್ಬರು ಸೇರಿ ಅವರನ್ನು ಮೆಲ್ಲಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದೆವು. ಯಾರೋ "ಮಲಗಿಸಿ ಮಲಗಿಸಿ" ಅಂದರು. ಅಸ್ತಮಾ ಬಂದವರನ್ನು ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು. ನಮ್ಮ ಅತ್ತೆಗೆ ಇರುವುದರಿಂದ ನನಗೆ ಇದೊಂದು ಗೊತ್ತಿತ್ತು. ನನ್ನ ಕೈಯಲ್ಲೇ ಆ ವಾಸನೆ ಇದೆಯಲ್ಲ ಎಂದು ಆಗ ನೆನಪಾಗಿ ದೂರ ಸರಿದು ನಿಂತೆ. ಜೇಬಿನಲ್ಲಿ ಫೋನ್ ಕುಣಿಯುತ್ತಿತ್ತು. ಫ್ಲೋರ್ ಮ್ಯಾನೇಜರ್: "ಗ್ರೂಪ್ ಫೋಟೋ ಬಂದಿಲ್ಲ."

ಹುಡುಗ ಇನ್ಹೇಲರ್ ತಂದ. ಎಳೆದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆದುಕೊಂಡರು. ಸುಂಯ್ ಸದ್ದು ನಿಧಾನವಾಗಿ ಇಳಿಯಿತು. ಮಾತು ಬಂದ ಕೂಡಲೇ ಅವರು ಹೇಳಿದ್ದು ನನ್ನನ್ನು ನೋಡಿಯೇ. "ಏನಮ್ಮಾ ನೀವು, ಬೆವರೋ ಜಾಗಕ್ಕೆ ಬಂದು ಮದುವೆ ಮನೆ ಮಾಡ್ಬಿಟ್ರಲ್ಲ." ಆಮೇಲೆ ಗಂಡ ಬಂದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಮಾರನೇ ದಿನ ಆರಾಮಾಗಿದ್ದಾರೆ ಅಂತ ಟ್ರೈನರ್ ಫೋನ್ ಮಾಡಿದ. ಜಿಮ್ ಓನರ್ ಮಾತ್ರ ಒಂದು ವಾರ ಹಾಲ್ ವಾಸನೆ ಹೋಗಲಿಲ್ಲ ಅಂತ ಬೈದರಂತೆ. ಆ ಸ್ಟಿಕರ್ ಕಿತ್ತರಾ ಅಂತ ನಾನು ಕೇಳಲಿಲ್ಲ.

ಕಂಪನಿಯಲ್ಲಿ ಇದು ಒಂದು ಸಾಲಿನ ವಿಷಯವಾಯಿತು. ರಿಪೋರ್ಟ್ ಶೀಟಿನಲ್ಲಿ "ವೆನ್ಯೂ ಇಶ್ಯೂ, ಪವರ್ ಕಟ್." ಕರೆಂಟ್ ಇದ್ದಿದ್ದರೆ ಊದ್ ಸರಿಹೋಗುತ್ತಿತ್ತು ಅನ್ನೋ ಹಾಗೆ.

ನಮ್ಮ ಟ್ರೈನಿಂಗ್‌ನಲ್ಲಿ ಇಡಿಪಿ ಅಂದರೆ ಸಾಮಾನ್ಯವಾಗಿ 15ರಿಂದ 20 ಪರ್ಸೆಂಟ್ ಸುಗಂಧ, ಇಡಿಟಿ (ಓ ದ ಟಾಯ್ಲೆಟ್) ಅಂದರೆ 5ರಿಂದ 15, ಕೊಲೋನ್ 2ರಿಂದ 4 ಅಂತ ಬಾಯಿಪಾಠ ಮಾಡಿಸುತ್ತಾರೆ. ಜಾಸ್ತಿ ಪರ್ಸೆಂಟ್, ಜಾಸ್ತಿ ಬೆಲೆ, ಜಾಸ್ತಿ ಒಳ್ಳೇದು ಅನ್ನೋ ಥರ. ಹಾಕಿಕೊಂಡವರು ಯಾವ ಬಿಸಿಲಲ್ಲಿ, ಯಾವ ರೂಮಿನಲ್ಲಿ ಇರುತ್ತಾರೆ ಅನ್ನೋದು ಸ್ಲೈಡಿನಲ್ಲಿ ಇಲ್ಲ. ಮೈ ಬಿಸಿಯಾದಷ್ಟೂ ಸುಗಂಧ ಬೇಗ ಹಾರುತ್ತದೆ. ನಿಂಬೆ, ಬರ್ಗಮಾಟ್ (ನಿಂಬೆ ಜಾತಿಯದೇ ಒಂದು ಹಣ್ಣು) ಹಗುರ, ಅವು ಮೊದಲು ಹೋಗುತ್ತವೆ, ಗಂಟೆಯೊಳಗೆ ಮಾಯ. ಊದ್, ಆಂಬರ್, ವೆನಿಲಾ ಭಾರ. ಚಳಿಯಲ್ಲಿ ಚರ್ಮಕ್ಕೆ ಅಂಟಿಕೊಂಡು ಮೆತ್ತಗೆ ಏಳುವ ಇವು, ವ್ಯಾಯಾಮದ ಬಿಸಿಗೆ ಒಟ್ಟಿಗೇ ಎದ್ದು ನಿಲ್ಲುತ್ತವೆ. ಗಂಟೆಗಟ್ಟಲೆ ಹೋಗುವುದೂ ಇಲ್ಲ. ಇನ್ನೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಸುಮ್ನೆ ಕೂತ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಜೋರಾಗಿ ಕುಣಿಯುವಾಗ ಅದರ ಎಷ್ಟೋ ಪಟ್ಟು. ಅಂದರೆ ಪಕ್ಕದವರ ಸೆಂಟನ್ನೂ ಅಷ್ಟೇ ಪಟ್ಟು ಎಳೆದುಕೊಳ್ಳುತ್ತಾನೆ. ಅಸ್ತಮಾ ಇದ್ದವರಿಗೆ ಗಾಢ ವಾಸನೆಯೂ ಕೆಣಕುತ್ತದೆ, ವ್ಯಾಯಾಮವೂ ಕೆಣಕುತ್ತದೆ. ಮುಚ್ಚಿದ ರೂಮಿನಲ್ಲಿ ನಾವು ಎರಡನ್ನೂ ಸೇರಿಸಿಕೊಟ್ಟಿದ್ದೆವು.

ದೇವರಾಜ ಮಾರುಕಟ್ಟೆಯಲ್ಲಿ ಅತ್ತರ್ ಮಾರುವ ಒಬ್ಬ ಹಿರಿಯರಿಗೆ ಈ ಕಥೆ ಹೇಳಿದೆ. ನಕ್ಕುಬಿಟ್ಟರು. "ಬೇಸಿಗೇಲಿ ಯಾರಮ್ಮಾ ಊದ್ ಹಚ್ತಾರೆ? ಈಗ ಖಸ್, ಗುಲಾಬ್, ಕೇದಗೆ. ಹೀನಾ, ಶಮಾಮಾ ಎಲ್ಲ ಚಳಿಗಾಲಕ್ಕೆ." ಖಸ್ ಅಂದರೆ ನಮ್ಮ ಲಾವಂಚ. ಮನೆಯಲ್ಲಿ ಬೇಸಿಗೆ ಬಂದರೆ ಅಜ್ಜಿ ಮಡಕೆ ನೀರಿಗೆ ಬೇರು ಹಾಕುತ್ತಿದ್ದರಲ್ಲ, ಅದೇ. ಇವರಿಗೆ ಡೆಕ್ ಇಲ್ಲ, ಏಜಿಂಗ್ ಶೀಟ್ ಇಲ್ಲ. ಕಾಲ ನೋಡಿ ಬಾಟಲಿ ಮುಂದಿಡುತ್ತಾರೆ. ಒಂದು ಎಚ್ಚರಿಕೆಯನ್ನೂ ಕೊಟ್ಟರು. ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ, ಎಣ್ಣೆಯ ಥರ ಕೂರುತ್ತದೆ, ಒಂದು ಚುಕ್ಕೆ ಸಾಕು, ಸ್ಪ್ರೇ ಹೊಡೆದ ಹಾಗೆ ಬಳಿದುಕೊಳ್ಳಬೇಡಿ.

ಈಗ ಕೌಂಟರಿಗೆ "ಜಿಮ್‌ಗೆ ಯಾವುದು ಚೆನ್ನಾಗಿರುತ್ತೆ ಮೇಡಂ?" ಅಂತ ಹುಡುಗರು ಬಂದರೆ ನನಗೆ ಕಷ್ಟ. ಸರಿಯಾದ ಉತ್ತರಕ್ಕೆ ಇನ್ಸೆಂಟಿವ್ ಇಲ್ಲ. ಜಿಮ್‌ಗೆ ಬೇಕಿರುವುದು ಸೆಂಟ್ ಅಲ್ಲ. ಬೆವರಿಗೆ ತನ್ನದೇ ಅಂತ ವಾಸನೆ ಹೆಚ್ಚೇನೂ ಇಲ್ಲ. ಕಂಕುಳಿನ ಬ್ಯಾಕ್ಟೀರಿಯಾ ಅದನ್ನು ತಿಂದು ವಾಸನೆ ಮಾಡುತ್ತವೆ. ಅದರ ಮೇಲೆ ಸೆಂಟ್ ಹೊಡೆದರೆ ಎರಡು ವಾಸನೆ ಆಗುತ್ತವೆ, ಅಷ್ಟೇ. ಆ್ಯಂಟಿಪರ್ಸ್ಪಿರೆಂಟ್ ರೋಲ್-ಆನ್ ತಗೊಳ್ಳಿ, ರಾತ್ರಿ ಮಲಗುವ ಮುಂಚೆ ಒಣಗಿದ ಕಂಕುಳಿಗೆ ಹಚ್ಚಿ ಅನ್ನುತ್ತೇನೆ. ಬೆವರುವಾಗ ಹಚ್ಚಿದರೆ ತೊಳೆದುಹೋಗುತ್ತದೆ. ಡಿಯೋ ಬೇರೆ, ಅದು ಬೆವರು ತಡೆಯಲ್ಲ. ಪಾಲಿಯೆಸ್ಟರ್ ಟಿ-ಶರ್ಟ್ ಕಾಟನ್‌ಗಿಂತ ಜಾಸ್ತಿ ವಾಸನೆ ಹಿಡಿದುಕೊಳ್ಳುತ್ತದೆ, ನಿನ್ನೆಯದನ್ನು ಇವತ್ತು ಹಾಕಿಕೊಂಡರೆ ಯಾವ ಬ್ರ್ಯಾಂಡೂ ಕಾಪಾಡಲ್ಲ. ಆ ರೋಲ್-ಆನ್ ನಮ್ಮ ಹತ್ತಿರ ಇಲ್ಲ, ಕೆಳಗಿನ ಸೂಪರ್‌ಮಾರ್ಕೆಟ್‌ನಲ್ಲಿದೆ. ಕಳಿಸಿಕೊಡುತ್ತೇನೆ. ನನ್ನ ಕನ್ವರ್ಷನ್, ಅಂದರೆ ಬಂದವರಲ್ಲಿ ಕೊಂಡವರ ಲೆಕ್ಕ, ಕೆಳಗಿಳಿಯುತ್ತದೆ.

ಸೆಂಟ್ ಬೇಕೇ ಬೇಕು ಅಂದರೆ ವ್ಯಾಯಾಮ ಮುಗಿದು, ಸ್ನಾನ ಆಗಿ, ಮೈ ಒರೆಸಿ, ಬೆವರು ನಿಂತ ಮೇಲೆ. ಆಗ ತಾನೇ ಶೇವ್ ಮಾಡಿದ ಜಾಗಕ್ಕೆ ಬೇಡ, ಉರಿಯುತ್ತದೆ. ಸಿಟ್ರಸ್, ಲಾವಂಚ, ಟೀ, ಹಗುರವಾದ ಶ್ರೀಗಂಧ, ಇವುಗಳಲ್ಲಿ ಇಡಿಟಿ ಅಥವಾ ಕೊಲೋನ್. ಎದೆಗೊಂದು ಸ್ಪ್ರೇ, ಮೇಲೆ ಬಟ್ಟೆ. ಫರೀನಾ ಅನ್ನೋ ಇಟಲಿಯ ಮನೆತನದವರು 1709ರಲ್ಲಿ ಜರ್ಮನಿಯ ಕೊಲೋನ್ ಊರಿನಲ್ಲಿ ಶುರು ಮಾಡಿದ ಅಂಗಡಿಯ ನಿಂಬೆ ಕಿತ್ತಳೆಯ ನೀರಿಗಿಂತ ಬೇಸಿಗೆಗೆ ಒಳ್ಳೆಯದನ್ನು ಯಾರೂ ಕಂಡುಹಿಡಿದಿಲ್ಲ ಅನ್ನೋದು ನನ್ನ ಅಭಿಪ್ರಾಯ. "ಎರಡು ಗಂಟೇಲಿ ಹೋಗ್ಬಿಡುತ್ತೆ" ಅಂತ ಗಿರಾಕಿಗಳು ದೂರುತ್ತಾರೆ. ಹೋಗಲಿ ಬಿಡಿ, ಚಿಕ್ಕ ಶೀಶೆಗೆ ತುಂಬಿಸಿಕೊಂಡು ಮತ್ತೊಮ್ಮೆ ಹಾಕಿಕೊಳ್ಳಿ. ತಮಗೆ ವಾಸನೆ ಬರುತ್ತಿಲ್ಲ ಅಂತ ಮತ್ತೆ ಮತ್ತೆ ಹೊಡೆದುಕೊಳ್ಳುವವರೇ ಜಾಸ್ತಿ. ನಿಮ್ಮ ಮೂಗು ಅಭ್ಯಾಸವಾಗಿ ಸುಮ್ಮನಾಗಿರುತ್ತದೆ, ಪಕ್ಕದವರದಲ್ಲ.

ಕುಕ್ಕರಹಳ್ಳಿ ಕೆರೆಗೆ ಬೆಳಗ್ಗೆ ವಾಕಿಂಗ್ ಹೋಗುವ ಆಂಟಿಯೊಬ್ಬರು ನಿಂಬೆಯ ಎಸೆನ್ಷಿಯಲ್ ಆಯಿಲ್ ನೇರ ಕುತ್ತಿಗೆಗೆ ಹಚ್ಚುತ್ತಿದ್ದರು. ಬೇಡ ಅಂದೆ. ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ಎಣ್ಣೆ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯಬಹುದು. ರೇಷ್ಮೆ ಸೀರೆಯ ಮೇಲೂ ಸ್ಪ್ರೇ ಬೇಡ, ಕಲೆ ಕೂರುತ್ತದೆ. ಮತ್ತೆ ಸ್ಕೂಟರ್ ಡಿಕ್ಕಿ. ಬಿಸಿಲಲ್ಲಿ ನಿಂತ ಡಿಕ್ಕಿಯಲ್ಲಿ ಪರ್ಫ್ಯೂಮ್ ಕೆಡುತ್ತದೆ, ಡಿಯೋ ಕ್ಯಾನ್ ಇಡಲೇಬೇಡಿ, 50 ಡಿಗ್ರಿ ದಾಟಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ಒತ್ತಿ ಎಳೆದುಕೊಳ್ಳುವ ಇನ್ಹೇಲರ್ ಕೂಡ ಒತ್ತಡ ತುಂಬಿದ ಕ್ಯಾನೇ. ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಕೈಗೆ ಸಿಗುವ ಕಡೆ.

ಈ ವರ್ಷದ ಆಕ್ಟಿವೇಶನ್ ಡೆಕ್ ಮೊನ್ನೆ ಬಂತು. ವಿಜಯನಗರದ ಕಡೆ ಬ್ಯಾಡ್ಮಿಂಟನ್ ಕೋರ್ಟ್. ಹೀರೋ ಪ್ರಾಡಕ್ಟ್ ವೆನಿಲಾ ಆಂಬರ್. ಸಿಟ್ರಸ್ ಟೆಸ್ಟರ್ ಬರದಿದ್ದರೆ ನಾನು ಹೋಗಲ್ಲ, ಹೋದರೂ ಬ್ಲಾಟರ್ ಮಾತ್ರ, ಆಟ ಮುಗಿದು ಹೊರಗೆ ಬಂದವರಿಗೆ ಮಾತ್ರ ಅಂತ ಮೇಲ್ ಹಾಕಿದ್ದೇನೆ. "ನೋಟೆಡ್" ಅಂತ ಬಂದಿದೆ. ಟೆಸ್ಟರ್ ಇನ್ನೂ ಬಂದಿಲ್ಲ.