ಮಾಯಾಶಾಲೆಯ ರೈಲು ನೋಡಲು ಹೊರಟವರು ಎರಡು ದಿನ ಇಟ್ಟುಕೊಳ್ಳಿ

ಹ್ಯಾರಿ ಪಾಟರ್ ಸಿನಿಮಾದಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ರೈಲು ಉದ್ದನೆಯ ಕಮಾನು ಸೇತುವೆಯೊಂದನ್ನು ದಾಟುತ್ತದಲ್ಲ, ಅದು ಸ್ಕಾಟ್ಲೆಂಡಿನ ಗ್ಲೆನ್‌ಫಿನ್ನನ್‌ನಲ್ಲಿದೆ. ಮೇ ತಿಂಗಳ ರಜೆಯಲ್ಲಿ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಹೋಗಿ ಬಂದೆವು. ಹೋಗಬೇಕು ಅಂದುಕೊಂಡಿರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಕ್ಕಳಿಗೆ ಒಂದು ವಿಷಯ ಹೇಳಿಬಿಡಿ. ಸಿನಿಮಾದ ಆ ಕೆಂಪು ಎಂಜಿನ್ ಇಲ್ಲಿ ಓಡುವುದಿಲ್ಲ. 1937ರಲ್ಲಿ ತಯಾರಾದ ಆ ಎಂಜಿನ್ ಈಗ ಲಂಡನ್ ಹತ್ತಿರದ ಲೀವ್ಸ್‌ಡೆನ್ ಸ್ಟುಡಿಯೋದಲ್ಲಿ ನಿಂತಿದೆ. ಇಲ್ಲಿ ಓಡುವ ಉಗಿಬಂಡಿಯ ಹೆಸರು ಜಾಕೊಬೈಟ್. ನಮಗೆ ಸಿಕ್ಕಿದ್ದು ಕಪ್ಪು ಎಂಜಿನ್. ನಾವು ಮುಂಚೆಯೇ ಹೇಳಿರಲಿಲ್ಲ. ಮಗಳ ಮುಖ ಸಣ್ಣಗಾಯಿತು. ಎಂಜಿನ್ ಕೂಗಿದ ಮೇಲೆ ಎಲ್ಲ ಮರೆತಳು, ಆದರೂ ಹೇಳಿಟ್ಟುಕೊಳ್ಳುವುದು ಒಳ್ಳೆಯದು.

ಸಿನಿಮಾದಲ್ಲಿ ಮಕ್ಕಳು ಗೋಡೆಯೊಳಗೆ ನುಗ್ಗಿ ಈ ರೈಲು ಹತ್ತುವುದು ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ. ಅದರ ನೆನಪಿಗೆ ಅಲ್ಲಿ ಗೋಡೆಯೊಳಗೆ ಅರ್ಧ ನುಗ್ಗಿದ ಟ್ರಾಲಿ ಇದೆ. ನಿಮ್ಮ ಫೋನಿನಲ್ಲೇ ಫೋಟೋ ತೆಗೆದುಕೊಂಡರೆ ದುಡ್ಡು ಕೊಡಬೇಕಿಲ್ಲ. ಕ್ಯೂ ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಸಿನಿಮಾದ ಆ ದೃಶ್ಯ ಚಿತ್ರೀಕರಿಸಿದ್ದು ಮಾತ್ರ 4 ಮತ್ತು 5ನೇ ಪ್ಲಾಟ್‌ಫಾರ್ಮ್ ನಡುವೆ. ಅದನ್ನೂ ಒಮ್ಮೆ ನೋಡಿ.

ಉಗಿಬಂಡಿ ಹೊರಡುವುದು ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಎಂಬ ಊರಿನಿಂದ. ಕಿಂಗ್ಸ್ ಕ್ರಾಸ್‌ನಿಂದ ಅಲ್ಲಿಗೆ ನೇರ ರೈಲಿಲ್ಲ. ರಾತ್ರಿ ರೈಲು ಬೇಕಿದ್ದರೆ ಲಂಡನ್ನಿನ ಇನ್ನೊಂದು ಸ್ಟೇಷನ್ ಯೂಸ್ಟನ್ನಿನಿಂದ ಇದೆ. ಅದು ಬೆಳಿಗ್ಗೆ ಹತ್ತರ ಆಸುಪಾಸಿಗೆ ತಲುಪುತ್ತದೆ. ಅದನ್ನು ನಂಬಿ ಅದೇ ಬೆಳಗಿನ ಉಗಿಬಂಡಿಗೆ ಟಿಕೆಟ್ ಮಾಡಬೇಡಿ. ಸ್ವಲ್ಪ ತಡವಾದರೂ ಬಂಡಿ ತಪ್ಪುತ್ತದೆ. ನಾವು ಗ್ಲಾಸ್ಗೋ ಮೇಲೆ ಹೋದೆವು. ಕ್ವೀನ್ ಸ್ಟ್ರೀಟ್ ಸ್ಟೇಷನ್ನಿನಿಂದ ಹೆಚ್ಚುಕಮ್ಮಿ ನಾಲ್ಕು ಗಂಟೆ. ರ‍್ಯಾನಕ್ ಬಯಲಿನಲ್ಲಿ ಮೈಲಿಗಟ್ಟಲೆ ಒಂದು ಮನೆಯೂ ಕಾಣುವುದಿಲ್ಲ. ನನಗೆ ಇಡೀ ಪ್ರವಾಸದಲ್ಲಿ ಅತಿ ಇಷ್ಟವಾದ ದಾರಿ ಅದೇ.

ಇನ್ನು ಮುಖ್ಯ ವಿಷಯ. ರೈಲಿನೊಳಗೆ ಕೂತವರಿಗೆ ಸೇತುವೆ ಮೇಲೆ ರೈಲು ಹೋಗುವ ಆ ದೃಶ್ಯ ಕಾಣುವುದಿಲ್ಲ. ಅದು ಕಾಣುವುದು ಗುಡ್ಡದ ಮೇಲೆ ನಿಂತವರಿಗೆ. ಹಾಗಾಗಿ ಒಂದು ದಿನ ಹೊರಗೆ ನಿಂತು ನೋಡಿ, ಇನ್ನೊಂದು ದಿನ ಒಳಗೆ ಕೂತು ಹೋಗಿ.

ಮೊದಲ ದಿನ ಬೆಳಿಗ್ಗೆ ನಾವು ಗ್ಲೆನ್‌ಫಿನ್ನನ್‌ಗೆ ಹೋಗಿ ಗುಡ್ಡ ಹತ್ತಿದೆವು. ಮಳೆ ಬಂದು ದಾರಿ ಕೆಸರಾಗಿತ್ತು, ಒಳ್ಳೆ ಶೂ ಬೇಕು. ಕಾರಿನಲ್ಲಿ ಬರುವವರು ಬೇಗ ಬನ್ನಿ, ನಿಲ್ಲಿಸಲು ಜಾಗ ಕಡಿಮೆ. ಸೇತುವೆಗೆ 21 ಕಮಾನು, ಎತ್ತರ ಸುಮಾರು 30 ಮೀಟರ್. ಕಬ್ಬಿಣದ ಸರಳು ಹಾಕದೆ ಬರೀ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಈ ಹಳಿಯ ಮೇಲೆ 1901ರಿಂದ ರೈಲು ಓಡುತ್ತಿದೆ. ಮೊದಲು ಹೊಗೆ ಕಂಡಿತು, ಆಮೇಲೆ ಸದ್ದು, ಆಮೇಲೆ ಬಂಡಿ. ಸುತ್ತ ನಿಂತಿದ್ದ ನೂರಾರು ಜನ ಒಟ್ಟಿಗೆ ಸುಮ್ಮನಾದರು. ಬೆಳಗಿನ ಬಂಡಿಯನ್ನೇ ನೋಡಿ. ಬಂಡಿಯ ಕೊನೆ ಸ್ಟೇಷನ್ ಆದ ಮ್ಯಾಲೇಗ್‌ನಲ್ಲಿ ಎಂಜಿನ್ ತಿರುಗಿಸುವ ವ್ಯವಸ್ಥೆ ಇಲ್ಲ, ವಾಪಸ್ ಬರುವಾಗ ಅದು ಹಿಮ್ಮುಖವಾಗಿ ಓಡುತ್ತದೆ.

ಎರಡನೇ ದಿನ ಬಂಡಿ ಹತ್ತಿದೆವು. ಮ್ಯಾಲೇಗ್ ಕಡೆ ಹೋಗುವಾಗ ಎಡಗಡೆ ಕಿಟಕಿ ಕೇಳಿ. ಹಿಂದಿನ ಬೋಗಿ ಸಿಕ್ಕರೆ ಇನ್ನೂ ಚೆಂದ. ಸೇತುವೆ ಬಾಗಿರುವುದರಿಂದ ಮುಂದಿನ ಎಂಜಿನ್ ಕಾಣುತ್ತದೆ, ಎಡಕ್ಕೆ ಶೀಲ್ ಸರೋವರ. ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ. ಕಿಡಿ, ಮಸಿ ಕಣ್ಣಿಗೆ ಬೀಳುತ್ತದೆ.

ಈ ಬಂಡಿ ವರ್ಷಪೂರ್ತಿ ಇರುವುದಿಲ್ಲ, ಚಳಿಗಾಲದಲ್ಲಿ ನಿಲ್ಲುತ್ತದೆ. ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿ. ಹೋಟೆಲ್ ಬುಕ್ ಮಾಡುವ ಮುಂಚೆ ಇದನ್ನು ಮಾಡಿಕೊಳ್ಳಿ. ಸಿಗದಿದ್ದರೂ ಬೇಜಾರು ಬೇಡ. ಅದೇ ಹಳಿಯ ಮೇಲೆ, ಅದೇ ಸೇತುವೆ ಮೇಲೆ ದಿನವೂ ಸ್ಕಾಟ್‌ರೈಲ್‌ನ ಸಾಮಾನ್ಯ ರೈಲು ಓಡುತ್ತದೆ. ದರ ತುಂಬಾ ಕಡಿಮೆ. ಮೊದಲ ದಿನ ಗ್ಲೆನ್‌ಫಿನ್ನನ್‌ಗೆ ನಾವು ಹೋಗಿ ಬಂದಿದ್ದು ಅದರಲ್ಲೇ. ದಿನಕ್ಕೆ ಕೆಲವೇ ರೈಲು, ಸಮಯ ಬರೆದಿಟ್ಟುಕೊಳ್ಳಿ.

ಮ್ಯಾಲೇಗ್ ಮೀನುಗಾರರ ಪುಟ್ಟ ಊರು. ಊಟಕ್ಕೆ ಮೀನೇ ಜಾಸ್ತಿ. ನಾವು ಸಸ್ಯಾಹಾರಿಗಳು, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಬಂದರಿನ ಬೆಂಚಿನ ಮೇಲೆ ಕೂತು ತಿಂದೆವು. ಮೇ ತಿಂಗಳಾದರೂ ಗಾಳಿ ಕೊರೆಯುತ್ತಿತ್ತು, ಸ್ವೆಟರ್ ಮೇಲೆ ಮಳೆ ಜಾಕೆಟ್ ಬೇಕೇ ಬೇಕು. ಜೂನ್ ಮೇಲೆ ಹೋಗುವವರು ಮಿಜ್ ಎಂಬ ನುಸಿಗೆ ಹಚ್ಚುವ ಮುಲಾಮನ್ನೂ ಇಟ್ಟುಕೊಳ್ಳಿ.