ಬೈಕ್ ಮೆಕ್ಯಾನಿಕ್ ಕೈಗೆ ಸಿಕ್ಕ ಪುಟ್ಟ ಟ್ರ್ಯಾಕ್ಟರ್

ಕುಶಾಲನಗರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಬರುವುದೆಲ್ಲ ತೋಟದ ಮಾಲೇ. ಕಳೆ ಹೊಡೆಯುವ ಮೆಷಿನ್, ಸ್ಪ್ರೇಯರ್, ಪಂಪ್, ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಸಮಯ ಬಂದರೆ ಮರ ಕೊಯ್ಯುವ ಚೈನ್ ಸಾ. ಅದಕ್ಕೂ ಮೊದಲು ಹತ್ತು ವರ್ಷ ನಾನು ಬೈಕ್ ಮೆಕ್ಯಾನಿಕ್. ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ಹತ್ತು ವರ್ಷದ ಅಭ್ಯಾಸದಿಂದಲೇ ಬಂದದ್ದು, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಮಳೆ ಬಿಟ್ಟ ಮೇಲೆ ಮಡಿಕೇರಿ ಹತ್ತಿರದ ಗಾಳಿಬೀಡು ಕಡೆಯ ಒಂದು ಕಾಫಿ ತೋಟದಿಂದ ಅಲ್ಲಿನ ಲೆಕ್ಕ ನೋಡುವ ರೈಟರ್ ಫೋನ್ ಮಾಡಿದರು. ಸಾವ್ಕಾರ್ರ ಹತ್ತಿರ ಹೊರದೇಶದ್ದೊಂದು ಪುಟ್ಟ ಟ್ರ್ಯಾಕ್ಟರ್ ಇದೆ, ಬಂಗಲೆ ಮುಂದಿನ ಹುಲ್ಲು ಹೊಡೆಯಲು ತರಿಸಿದ್ದು, ಈಗ ಅದಕ್ಕೊಂದು ಟ್ರೇಲರ್ ಕಟ್ಟಿ ಕಣಕ್ಕೆ ಕಾಫಿ ಚೀಲ ಹೊಡೆಯುತ್ತಾರೆ. ಒಂದೇ ಸಿಲಿಂಡರ್, ಪೆಟ್ರೋಲ್, ನಾನೂರು ಸಿಸಿ ಹತ್ತಿರ. ಜೂನ್‌ನಲ್ಲಿ ಶೆಡ್ಡಿಗೆ ತಳ್ಳಿದ್ದು ಅಕ್ಟೋಬರ್‌ನಲ್ಲಿ ಹೊರಗೆ ತೆಗೆದಿದ್ದಾರೆ. ಸ್ಟಾರ್ಟ್ ಆಗುತ್ತದೆ, ಆದರೆ ಒಂದೇ ಸಮ ನಿಲ್ಲುವುದಿಲ್ಲ. ಗುಂಯ್ ಅಂತ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಗಾಳಿ ತಡೆಯುವ ಚೋಕನ್ನು ಅರ್ಧ ಎಳೆದರೆ ಮಾತ್ರ ಸುಮ್ನಾಗುತ್ತದೆ.

ಅರ್ಧ ಚೋಕ್‌ನಲ್ಲಿ ಸರಿಯಾಗುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಬೇಡದ ಗಾಳಿ ನುಗ್ಗುತ್ತಿದೆ. ಇಲ್ಲಿ ಎರಡೂ ಇತ್ತು. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಕೆಳಗಿನ ಬಟ್ಟಲು ಬಿಚ್ಚಿದರೆ ಹಳೇ ವಾರ್ನಿಷ್ ವಾಸನೆ. ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪುಡಿ, ಅದರ ಮೇಲೆ ಜೋನಿ ಬೆಲ್ಲದ ಬಣ್ಣದ ಅಂಟು. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಅಲ್ವಾ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಾಲ್ಕು ತಿಂಗಳು ನಮ್ಮ ಮಡಿಕೇರಿ ಮಳೆಯಲ್ಲಿ, ಗೋಡೆಗೆ ಬೂಷ್ಟು ಹಿಡಿಯುವ ಶೆಡ್ಡಿನಲ್ಲಿ, ಬಟ್ಟಲು ತುಂಬ ಪೆಟ್ರೋಲ್ ಬಿಟ್ಟು ನಿಲ್ಲಿಸಿದರೆ ಇನ್ನೇನಾಗುತ್ತದೆ? ನೀರು ತಳಕ್ಕೆ ಇಳಿಯುತ್ತದೆ, ಲೋಹ ತಿನ್ನುತ್ತದೆ.

ತೊಳೆದು ನೋಡೋಣ ಅಂದುಕೊಂಡೆ. ಆದರೆ ಎಂಜಿನ್‌ಗೆ ಹೋಗುವ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್‌ನ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಮೇಲೆ ಕೆಳಗೆ ಲೊಡಲೊಡ. ಆ ಸಂದಿಯಲ್ಲೇ ಗಾಳಿ ಹೋಗುತ್ತಿತ್ತು. ಶಾಫ್ಟ್ ಸವೆದ ಕಾರ್ಬುರೇಟರನ್ನು ಎಷ್ಟು ತೊಳೆದರೂ ಅಷ್ಟೇ. ಅದೇ ಮಾದರಿಯದು ಇಲ್ಲಿ ಸಿಗುವುದಿಲ್ಲ, ಹೊರಗಿಂದ ತರಿಸಿದರೆ ಬರುವಷ್ಟರಲ್ಲಿ ಅರೇಬಿಕಾ ಕಾಫಿ ಕುಯ್ಲು ಶುರುವಾಗಿರುತ್ತದೆ. ಹಾಗಾಗಿ 188ಎಫ್ ಎನ್ನುವ ಎಂಜಿನ್‌ಗೆ ಹಾಕುವ ಕಾರ್ಬುರೇಟರ್ ತಂದೆ. ಅದು 389 ಸಿಸಿ ಎಂಜಿನ್‌ನದು, ಗಾತ್ರ ಹೆಚ್ಚುಕಡಿಮೆ ಹೊಂದುತ್ತದೆ, ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳೂ ಬಿಡಿಯಾಗಿ ಸಿಗುತ್ತವೆ.

ಬೋಲ್ಟ್ ತೂತುಗಳು ಮಾತ್ರ ಹೊಂದಲಿಲ್ಲ. ರಟ್ಟಿನ ಮೇಲೆ ಎರಡೂ ಮುಖದ ಅಚ್ಚು ತೆಗೆದು ಲೇತ್‌ನವರಿಗೆ ಕೊಟ್ಟು ದಪ್ಪ ಅಲ್ಯುಮಿನಿಯಂ ಪ್ಲೇಟ್ ಮಾಡಿಸಿದೆ. ಪ್ಲೇಟಿಗೂ ಕಾರ್ಬುರೇಟರಿಗೂ ನಡುವೆ ಕಪ್ಪು ಬೇಕಲೈಟ್ ಬಿಲ್ಲೆ, ಎರಡೂ ಬದಿಗೆ ಪ್ಯಾಕಿಂಗ್. ಆ ಬಿಲ್ಲೆ ಯಾಕೆ ಬೇಕು ಅಂತ ವರ್ಕ್‌ಶಾಪಿನಲ್ಲಿ ಕೆಲಸಕ್ಕಿರುವ ಹುಡುಗ ಕೇಳಿದ. ಎಂಜಿನ್ ಬಿಸಿ ನೇರ ಬಟ್ಟಲಿಗೆ ಬಂದರೆ ಪೆಟ್ರೋಲ್ ಒಳಗೇ ಆವಿಯಾಗುತ್ತದೆ, ಬಿಸಿಯಲ್ಲಿ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ ಅಂದೆ. ತಲೆ ಆಡಿಸಿದ. ಇಲ್ಲಿಯವರೆಗೆ ನಾನು ಬಹಳ ಬುದ್ಧಿವಂತನೇ.

ಆಮೇಲೆ ಎಂಜಿನ್ ಸ್ಪೀಡನ್ನು ಹಿಡಿತದಲ್ಲಿಡುವ ಗವರ್ನರ್‌ನ ರಾಡ್ ಸಿಕ್ಕಿಸಿದೆ. ಹೊಸದರಲ್ಲಿ ಥ್ರಾಟಲ್ ಲಿವರ್ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಕಣ್ಣಿಗೆ ಕಂಡಿತ್ತು, ಆದರೆ ತಲೆಗೆ ಹೋಗಲಿಲ್ಲ. ರಾಡ್ ತುದಿ ತೂತಿಗೆ ಕೂತಿತು, ಸ್ಪ್ರಿಂಗ್ ಕೊಕ್ಕೆಯೂ ಕೂತಿತು, ಇನ್ನೇನು ಬೇಕು ಅಂತ ಕೀ ತಿರುಗಿಸಲು ಹುಡುಗನಿಗೆ ಹೇಳಿದೆ.

ಮೊದಲ ಸಲಕ್ಕೇ ಹಿಡಿಯಿತು. ಮರುಕ್ಷಣ ಎಂಜಿನ್ ಕಿರುಚಲು ಶುರು ಮಾಡಿತು. ಏರುತ್ತಲೇ ಹೋಯಿತು, ಬಾನೆಟ್ ನಡುಗಿ ಬೆಂಚಿನ ಮೇಲಿದ್ದ ಸ್ಪ್ಯಾನರುಗಳು ಉರುಳಿದವು. ಹುಡುಗ ಕೀ ತಿರುಗಿಸುತ್ತಿದ್ದಾನೆ, ನಿಲ್ಲುತ್ತಿಲ್ಲ. ಯಾಕೆಂದರೆ ಎಂಜಿನ್ ಆಫ್ ಮಾಡುವ ವೈರನ್ನು ಬೆಳಗ್ಗೆ ಡ್ಯಾಶ್ ಬಿಚ್ಚುವಾಗ ನಾನೇ ಕಳಚಿಟ್ಟು ಮರೆತಿದ್ದೆ. "ಅಣ್ಣಾ, ನಿಲ್ತಿಲ್ಲ ಅಣ್ಣಾ" ಅಂತ ಕೂಗುತ್ತಿದ್ದ. ಕೈ ಹಾಕಿ ಚೋಕ್ ಪೂರ್ತಿ ಎಳೆದೆ, ಒಂದೆರಡು ಸಲ ಕೆಮ್ಮಿ ನಿಂತಿತು. ನಾಲ್ಕೈದು ಸೆಕೆಂಡ್ ಅಷ್ಟೇ ಇರಬಹುದು. ಇಂಥ ಎಂಜಿನ್‌ಗಳು ಸಾಮಾನ್ಯವಾಗಿ 3600 ಆರ್‌ಪಿಎಂ, ಅಂದರೆ ನಿಮಿಷಕ್ಕೆ 3600 ಸುತ್ತು ಮೀರಬಾರದು. ಅವತ್ತು ಎಷ್ಟಕ್ಕೆ ಹೋಗಿತ್ತೋ ದೇವರಿಗೇ ಗೊತ್ತು. ಕನೆಕ್ಟಿಂಗ್ ರಾಡ್ ತುಂಡಾಗಿ ಕ್ರ್ಯಾಂಕ್‌ಕೇಸ್ ಒಡೆದುಕೊಂಡು ಹೊರಗೆ ಬಂದಿದ್ದರೆ ಅದರ ಎದುರಿಗೆ ಇದ್ದದ್ದು ನನ್ನ ಮೊಣಕಾಲು.

ಟೀ ಕುಡಿದು ಬಂದು ಎಂಜಿನ್ ಮುಂದೆ ಸುಮ್ನೆ ಕೂತೆ. ಸ್ಟಾರ್ಟ್ ಮಾಡದೆ ಲಿವರನ್ನು ಬೆರಳಲ್ಲೇ ಆಡಿಸಿ ನೋಡಿದೆ. ಆಗ ಹೊಳೆಯಿತು.

ಬೈಕಿನಲ್ಲಿ ಸ್ಪ್ರಿಂಗ್ ಥ್ರಾಟಲನ್ನು ಮುಚ್ಚುತ್ತದೆ, ನಮ್ಮ ಕೈ ತೆರೆಯುತ್ತದೆ. ಕೈ ಬಿಟ್ಟರೆ ಇಳಿಯುತ್ತದೆ. ಈ ಎಂಜಿನ್‌ಗಳಲ್ಲಿ ಪೂರ್ತಿ ಉಲ್ಟಾ. ಸ್ಪ್ರಿಂಗ್ ತೆರೆಯುತ್ತದೆ, ಗವರ್ನರ್ ಮುಚ್ಚುತ್ತದೆ. ಎಂಜಿನ್ ನಿಂತಿದ್ದಾಗ ಥ್ರಾಟಲ್ ತೆರೆದೇ ಇರುತ್ತದೆ. ಸ್ಪೀಡ್ ಏರಿದ ಹಾಗೆ ಒಳಗಿನ ತೂಕದ ಬಿಲ್ಲೆಗಳು ಅರಳಿ ಹೊರಗಿನ ತೋಳನ್ನು ತಳ್ಳಿ ಥ್ರಾಟಲನ್ನು ಮುಚ್ಚಿಕೊಂಡು ಬರುತ್ತವೆ. ನಾವು ಕೈಯಲ್ಲಿ ಎಳೆಯುವ ಲಿವರ್ ಸ್ಪ್ರಿಂಗಿನ ಬಿಗಿಯನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತದೆ. ನಾನು ಉಲ್ಟಾ ದಿಕ್ಕಿನ ಲಿವರಿಗೆ ಹಳೇ ರಾಡನ್ನೇ ಸಿಕ್ಕಿಸಿದ್ದರಿಂದ, ಸ್ಪೀಡ್ ಏರಿದಷ್ಟೂ ಗವರ್ನರ್ ಥ್ರಾಟಲನ್ನು ಇನ್ನಷ್ಟು ತೆರೆಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ!

ರಿಪೇರಿ ಸುಲಭವೇ. ಲಿವರಿನ ಇನ್ನೊಂದು ಬದಿಗೆ ಒಂದಿಂಚಿನ ಪಟ್ಟಿ ಬ್ರೇಜಿಂಗ್ ಮಾಡಿಸಿ ಅದರಲ್ಲಿ ತೂತು ಕೊರೆದೆ. ಶಾಫ್ಟಿನ ಆಚೆ ಬದಿಯಿಂದ ತಳ್ಳಿದರೆ ದಿಕ್ಕು ಬದಲಾಗುತ್ತದೆ. ಸ್ಪ್ರಿಂಗ್ ಕೂಡ ತೆರೆಯುವ ಕಡೆಗೆ ಎಳೆಯುವ ಹಾಗೆ ಹಾಕಿದೆ. ಆಮೇಲೆ ಗವರ್ನರ್ ತೋಳಿನ ನಟ್ ಸಡಿಲ ಮಾಡಿ, ಥ್ರಾಟಲನ್ನು ಪೂರ್ತಿ ತೆರೆದು ಹಿಡಿದು, ಆಗ ತೋಳು ಯಾವ ಕಡೆ ವಾಲಿತೋ ಅದೇ ಕಡೆಗೆ ಒಳಗಿನ ಶಾಫ್ಟನ್ನು ನಿಲ್ಲುವ ತನಕ ತಿರುಗಿಸಿ, ನಟ್ ಬಿಗಿ ಮಾಡಿದೆ. ಈ ಸಲ ಆಫ್ ವೈರ್ ಮೊದಲು ಹಾಕಿದೆ, ಪ್ಲಗ್ ವೈರಿಗೆ ಸುತ್ತುವ, ಆರ್‌ಪಿಎಂ ತೋರಿಸುವ ಸಣ್ಣ ಮೀಟರನ್ನೂ ಕಟ್ಟಿದೆ. 3300ಕ್ಕೆ ನಿಲ್ಲಿಸಿದೆ, ಅದು ಸಾಕು.

ಜೆಟ್ ಸೆಟ್ಟಿಂಗಿಗೆ ಗಾಡಿಯನ್ನು ಪಿಕಪ್‌ನಲ್ಲಿ ಹಾಕಿಕೊಂಡು ತೋಟಕ್ಕೇ ಹೋದೆ. ವರ್ಕ್‌ಶಾಪಿನಲ್ಲಿ ಲೋಡ್ ಇಲ್ಲದೆ ಎಂಥ ಎಂಜಿನ್ನಾದರೂ ಚೆನ್ನಾಗೇ ಓಡುತ್ತದೆ. ಟ್ರೇಲರಿಗೆ ಆರು ಚೀಲ ಗೊಬ್ಬರ ಹಾಕಿ ಏರು ಹತ್ತಿಸಿದಾಗ ಕಾರ್ಬುರೇಟರ್ ಪಟ್ ಪಟ್ ಅಂತ ಸೀನಿತು. ಪ್ಲಗ್ ಬಿಚ್ಚಿದರೆ ಬೆಳ್ಳಗೆ. ಪೆಟ್ರೋಲ್ ಕಡಿಮೆ. ಒಳಗಿದ್ದದ್ದು 98 ನಂಬರ್ ಜೆಟ್, ಅಂದರೆ ತೂತು 0.98 ಮಿಲಿಮೀಟರ್. ನನ್ನ ಲೆಕ್ಕ ಹೀಗಿತ್ತು: ಬರೀ ಪೆಟ್ರೋಲ್ ಸುಡಲು ಅದರ ತೂಕದ 14.7 ಪಟ್ಟು ಗಾಳಿ ಬೇಕು, ಎಥನಾಲ್‌ಗೆ 9 ಪಟ್ಟು ಸಾಕು. ಹಾಗಾಗಿ 20 ಪರ್ಸೆಂಟ್ ಬೆರಕೆಗೆ ಅದೇ ಗಾಳಿಗೆ ಸುಮಾರು 8 ಪರ್ಸೆಂಟ್ ಜಾಸ್ತಿ ಇಂಧನ ಹೋಗಬೇಕು. 98ರಿಂದ 102ಕ್ಕೆ ಹೋದರೆ ತೂತಿನ ವಿಸ್ತಾರ 8 ಪರ್ಸೆಂಟ್ ಏರುತ್ತದೆ. ಸರಿಯಾಗಿ ಕೂತಿತಲ್ಲ ಅಂತ ಹಾಕಿದೆ.

ಎರಡು ಟ್ರಿಪ್ ಹೊಡೆದು ನೋಡಿದರೆ ಪ್ಲಗ್ ಮಸಿ ಹಿಡಿದಿತ್ತು. ಈಗ ಪೆಟ್ರೋಲ್ ಜಾಸ್ತಿ.

ಮರೆತದ್ದು ಏನಪ್ಪಾ ಅಂದರೆ, ನಾನು ನಿಂತಿದ್ದ ಜಾಗ. ಅಲ್ಲಿ ಸಮುದ್ರ ಮಟ್ಟದಿಂದ 1100 ಮೀಟರ್ ಹತ್ತಿರ ಎತ್ತರ. ಗಾಳಿ ಹತ್ತು ಪರ್ಸೆಂಟ್ ತೆಳು. ಗಾಳಿ ತೆಳುವಾದರೆ ಕಾರ್ಬುರೇಟರ್ ತನ್ನಷ್ಟಕ್ಕೇ 5 ಪರ್ಸೆಂಟ್‌ನಷ್ಟು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಎಥನಾಲ್ ಒಂದು ಕಡೆ ಎಳೆಯುತ್ತದೆ, ಬೆಟ್ಟ ಇನ್ನೊಂದು ಕಡೆ. 100 ನಂಬರ್ ಹಾಕಿದೆ. ಪ್ಲಗ್ ಹಾಲು ಸ್ವಲ್ಪ ಜಾಸ್ತಿ ಬಿದ್ದ ಕಾಫಿಯ ಬಣ್ಣಕ್ಕೆ ಬಂತು, ಏರಿನಲ್ಲಿ ಸೀನುವುದು ನಿಂತಿತು. ಜೆಟ್ಟಿಗೆ ತಂತಿ ಹಾಕಿ ಅಗಲ ಮಾಡುವವರನ್ನು ನೋಡಿದ್ದೇನೆ, ಹುಡುಗನಾಗಿದ್ದಾಗ ನಾನೂ ಮಾಡಿದವನೇ. ಮಿಲಿಮೀಟರ್‌ನ ನೂರರಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸ ತಂತಿಯಲ್ಲಿ ಕೈಗೆ ಸಿಗುವುದಿಲ್ಲ, ಹೊಸ ಜೆಟ್ ತೆಗೆದುಕೊಳ್ಳಿ.

ಹೊರಡುವಾಗ ರೈಟರಿಗೆ ಒಂದೇ ಮಾತು ಹೇಳಿದೆ. ಮಳೆಗೆ ಮೊದಲು ನಿಲ್ಲಿಸುವಾಗ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗೇ ನಿಲ್ಲುವ ತನಕ ಓಡಿಸಿ, ಬಟ್ಟಲಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಸುರಿದುಬಿಡಿ. ಈ ವರ್ಷ ಹಾಗೇ ಮಾಡಿದ್ದಾರೆ, ಅದು ನನಗೆ ಗೊತ್ತಾದದ್ದು ಮೊನ್ನೆ ಅವರು ಫೋನ್ ಮಾಡಿದಾಗ. ಬೆಳಗ್ಗೆಯಿಂದ ಸ್ಟಾರ್ಟರ್ ಹೊಡೆದು ಬ್ಯಾಟರಿ ಇಳಿದಿದೆ, ನಿಮ್ಮ ಹೊಸ ಕಾರ್ಬುರೇಟರೂ ಹೋಯಿತು, ಒಮ್ಮೆ ಬಂದು ನೋಡಿ ಅಂದರು. ಕಾಕ್ ತೆರೆದಿದ್ದೀರಾ ಸರ್ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಜೀರುಂಡೆ ಸದ್ದು ಮಾತ್ರ ಕೇಳಿಸಿತು.